ಕರಾವಳಿಯ ತೇವ ಮತ್ತು ಮಸೂರದ ಆಯುಷ್ಯ



ಪ್ರತಿವರ್ಷ ನವರಾತ್ರಿ ಸಮೀಪಿಸುತ್ತಿದ್ದಂತೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಒಂದು, "ಸರ್, ಕ್ಯಾಮರಾಕ್ಕೆ ಯಾವ ಲೆನ್ಸ್ ತೆಗೆದುಕೊಳ್ಳಲಿ?" ಎಂಬುದು. ಇನ್ನೊಂದು, "ಸರ್, ಬೇಸಗೆಯಲ್ಲಿ ಚೆನ್ನಾಗಿದ್ದ ಲೆನ್ಸಿನೊಳಗೆ ಈಗ ಜೇಡರ ಬಲೆಯಂಥದ್ದೇನೋ ಕಾಣುತ್ತಿದೆ, ಏನು ಮಾಡಲಿ?" ಎಂಬುದು. ನಮ್ಮ ಊರಿನ ಮಟ್ಟಿಗೆ ಎರಡನೆಯ ಪ್ರಶ್ನೆಗೆ ಉತ್ತರ ತಿಳಿಯದೆ ಮೊದಲನೆಯದಕ್ಕೆ ಉತ್ತರ ಹೇಳುವುದು ಸಾಧ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳಬೇಕಾದರೆ ಸ್ವಲ್ಪ ಇತಿಹಾಸವನ್ನೂ ಹೇಳಬೇಕಾಗುತ್ತದೆ. ಗಣಿತ ಮತ್ತು ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಅಂಥ ಅವಕಾಶ ದೊರೆತರೆ ಬಿಡುವುದು ಕಷ್ಟ.

ನಾನು ವಾಸಿಸುವ ಕಾವೂರು ಮಂಗಳೂರು ನಗರದ ಉತ್ತರ ಭಾಗದಲ್ಲಿದೆ. ಮಹಾಲಿಂಗೇಶ್ವರ ದೇವಸ್ಥಾನದ ಕಡೆಯಿಂದ ಉತ್ತರಕ್ಕೆ ಹೋದರೆ ಮರವೂರಿನಲ್ಲಿ ಫಲ್ಗುಣಿ ನದಿ. ಪಶ್ಚಿಮಕ್ಕೆ ಹೋದರೆ ಕೂಳೂರು, ಅದರಾಚೆ ಪಣಂಬೂರಿನ ಕಡಲು. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ಮೇಲಿನಿಂದ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಸುರಿಯುತ್ತದೆ. ಆಟಿ ತಿಂಗಳಲ್ಲಿ ಇಲ್ಲಿಯ ಗಾಳಿಯ ತೇವಾಂಶ ದಿನಗಟ್ಟಲೆ ನೂರಕ್ಕೆ 90ರ ಆಸುಪಾಸಿನಲ್ಲಿ ನಿಂತಿರುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವುದನ್ನು ನಾವೆಲ್ಲರೂ ಕಂಡವರೇ. ಗಾಜಿಗೂ ಬೂಷ್ಟು ಹಿಡಿಯುತ್ತದೆ ಎಂಬುದನ್ನು ಮಾತ್ರ ಕ್ಯಾಮರಾ ಇಟ್ಟುಕೊಂಡವರೇ ಬಲ್ಲರು.

ಮೊದಲು 'ಮಸೂರ' ಎಂಬ ಪದದ ಬಗ್ಗೆ ಒಂದು ಮಾತು. ತರಗತಿಯಲ್ಲಿ ನಾನು ಈ ಪಾಠವನ್ನು ಆರಂಭಿಸುವಾಗ ಅಡುಗೆಮನೆಯಿಂದ ಒಂದು ಹಿಡಿ ಮಸೂರ್ ಕಾಳನ್ನು ಪೊಟ್ಟಣ ಕಟ್ಟಿ ಒಯ್ಯುತ್ತಿದ್ದೆ. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಆ ಕಾಳಿನ ಆಕಾರವೇ ಪೀನ ಮಸೂರದ ಆಕಾರ. ಲ್ಯಾಟಿನ್ ಭಾಷೆಯಲ್ಲಿಯೂ 'ಲೆನ್ಸ್' ಎಂದರೆ ಇದೇ ಕಾಳು. ಬೇರೆ ಬೇರೆ ದೇಶದವರು ಒಂದೇ ಕಾಳನ್ನು ನೋಡಿ ಗಾಜಿನ ತುಂಡಿಗೆ ಹೆಸರಿಟ್ಟರಲ್ಲ ಎಂದು ಮಕ್ಕಳಿಗೆ ಬಹಳ ಸಂತೋಷವಾಗುತ್ತಿತ್ತು.

1839ರಲ್ಲಿ ಫ್ರಾನ್ಸಿನ ಡಾಗೇರ್ ಛಾಯಾಗ್ರಹಣದ ತನ್ನ ವಿಧಾನವನ್ನು ಪ್ರಕಟಿಸಿದಾಗ ಇದ್ದ ಮಸೂರಗಳು ಬಹಳ ಮಂದವಾದವು. ಹಗಲು ಬೆಳಕಿನಲ್ಲಿಯೂ ನಿಮಿಷಗಟ್ಟಲೆ ಅಲುಗಾಡದೆ ಕುಳಿತರೆ ಮಾತ್ರ ಚಿತ್ರ ಮೂಡುತ್ತಿತ್ತು. ಮರುವರ್ಷ, ಅಂದರೆ 1840ರಲ್ಲಿ, ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಕಾಗದದ ಮೇಲೆ ಲೆಕ್ಕ ಹಾಕಿ ಹೊಸದೊಂದು ಮಸೂರವನ್ನು ರೂಪಿಸಿದರು. ಫೋಕ್ಟ್‌ಲೆಂಡರ್ ಸಂಸ್ಥೆ ಅದನ್ನು ತಯಾರಿಸಿತು. ಹಳೆಯ ಮಸೂರಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು ಬೆಳಕನ್ನು ಅದು ಒಳಗೆ ಬಿಡುತ್ತಿತ್ತು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಮನುಷ್ಯನ ಮುಖವನ್ನು ಸೆರೆಹಿಡಿಯುವುದು ಸುಲಭವಾಯಿತು. ಅದುವರೆಗೆ ಕುಶಲಕರ್ಮಿಯ ಕೈಯ ಅಂದಾಜಿನಲ್ಲಿ ಹುಟ್ಟುತ್ತಿದ್ದ ಮಸೂರ ಅಂದಿನಿಂದ ಲೆಕ್ಕದ ಹಾಳೆಯಲ್ಲಿ ಹುಟ್ಟತೊಡಗಿತು. ಗಣಿತದಿಂದ ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೆ ಹೇಳಲು ನನಗಿದ್ದ ಉದಾಹರಣೆಗಳಲ್ಲಿ ಇದು ಪ್ರಿಯವಾದದ್ದು.

ನಮ್ಮ ನಾಡಿಗೆ ಕ್ಯಾಮರಾ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಅವಶೇಷಗಳನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರೀಕರಿಸಿದನು. ಆ ಹೊತ್ತಿಗೆ ಗಾಜಿನ ತಟ್ಟೆಗೆ ಕೊಲೋಡಿಯನ್ ದ್ರವ ಲೇಪಿಸುವ ಪದ್ಧತಿ ಬಂದಿತ್ತು. ಆದರೆ ಆ ತಟ್ಟೆ ಒಣಗುವ ಮೊದಲೇ ಚಿತ್ರ ತೆಗೆದು, ಸಂಸ್ಕರಿಸಿಯೂ ಮುಗಿಸಬೇಕಿತ್ತು. ಬಿಸಿಲ ನಾಡಿನಲ್ಲಿ ಅದು ಸುಲಭವಲ್ಲ. ಮೇಣದ ಕಾಗದವಾದರೋ ಮೊದಲೇ ಸಿದ್ಧಪಡಿಸಿ ಒಯ್ಯಬಹುದಾಗಿತ್ತು. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ದೊಡ್ಡ ಗ್ರಂಥವೇ ಹೊರಬಂದಿತು. ಅದರಲ್ಲಿನ ಚಿತ್ರಗಳನ್ನು ತೆಗೆದ ಪಿಗೂ, ನೀಲ್, ಬಿಗ್ಸ್ ಇವರಲ್ಲಿ ಮೊದಲಿಬ್ಬರು ವೈದ್ಯರು, ಮೂರನೆಯವನು ಸೇನಾಧಿಕಾರಿ. 

ಇತ್ತ ಕರಾವಳಿಯಲ್ಲಿ 1834ರಲ್ಲಿಯೇ ಮಂಗಳೂರಿಗೆ ಬಂದು ನೆಲೆಸಿದ್ದ ಬಾಸೆಲ್ ಮಿಷನ್ನಿನವರು ಮುದ್ರಣಾಲಯ, ಶಾಲೆ, 1865ರಲ್ಲಿ ಹೆಂಚಿನ ಕಾರ್ಖಾನೆ ಎಂದು ಒಂದೊಂದಾಗಿ ಕಟ್ಟುತ್ತ ಹೋದರಷ್ಟೆ. ಅವರು ತಮ್ಮ ಕಾರ್ಯಕ್ಷೇತ್ರದ ಊರು, ಜನ, ಕಟ್ಟಡ, ಕಸುಬುಗಳ ಛಾಯಾಚಿತ್ರಗಳನ್ನೂ ಸ್ವಿಟ್ಜರ್ಲೆಂಡಿಗೆ ಕಳುಹಿಸುತ್ತಿದ್ದರು. ಆ ಸಂಗ್ರಹ ಬಾಸೆಲ್ ನಗರದ ಪತ್ರಾಗಾರದಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಗ್ರೀನ್‌ಲಾನ ನೆಗೆಟಿವ್‌ಗಳೂ ಇಂಗ್ಲೆಂಡಿನಲ್ಲಿಯೇ ಬಹುಕಾಲ ಅಜ್ಞಾತವಾಗಿದ್ದು, ಸುಮಾರು 1980ರಲ್ಲಿ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು 1983ರಲ್ಲಿ ಹಂಪಿಯನ್ನು ಮತ್ತೆ ಚಿತ್ರೀಕರಿಸಿದರು. ಮಂಟಪಗಳಲ್ಲಿ ಯಾವುದು ಉಳಿಯಿತು, ಯಾವುದು ಉರುಳಿತು ಎಂಬುದನ್ನು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ತಿಳಿಯುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ವಿಷಯವೊಂದಿದೆ. ನಮ್ಮ ಈ ಹಳೆಯ ಚಿತ್ರಗಳು ಉಳಿದದ್ದು ನಮ್ಮಲ್ಲಲ್ಲ. ದೂರದ ತಣ್ಣನೆಯ ದೇಶಗಳಲ್ಲಿ. ನಮ್ಮ ಹಿರಿಯರಿಗೆ ನೆನಪುಗಳನ್ನು ಕಾಪಾಡುವ ಬುದ್ಧಿಯಿರಲಿಲ್ಲ ಎಂದು ಇದರ ಅರ್ಥವಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಕಾಳುಮೆಣಸು, ಕೊಬ್ಬರಿ, ಬೀಜದ ಭತ್ತವನ್ನು ಮಳೆಗಾಲವಿಡೀ ಬೆಚ್ಚಗಿಟ್ಟುಕೊಂಡ ಜನ ನಾವು. ಆದರೆ ಹೊರಗಿನಿಂದ ಬಂದ ಈ ಹೊಸ ವಸ್ತುವನ್ನು, ಈ ಗಾಜು ಮತ್ತು ಫಿಲ್ಮನ್ನು, ಇಲ್ಲಿಯ ಹವೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಸಿಕೊಡುವವರು ಇರಲಿಲ್ಲ. ಕ್ಯಾಮರಾದ ಜತೆಗೆ ಬರುತ್ತಿದ್ದ ಸೂಚನಾ ಪುಸ್ತಕವನ್ನು ಬರೆದವರು ಕರಾವಳಿಯ ಆಟಿಯನ್ನು ಕಂಡವರಲ್ಲ.

ಹಾಗಾದರೆ ಗಾಜಿಗೆ ಬೂಷ್ಟು ಹಿಡಿಯುವುದು ಹೇಗೆ? ಶಿಲೀಂಧ್ರಕ್ಕೆ ಗಾಜು ಆಹಾರವಲ್ಲ. ಮಸೂರದ ಮೇಲೆ ಕುಳಿತ ಧೂಳು, ಬೆರಳಿನ ಜಿಡ್ಡು, ಉಂಗುರಗಳಿಗೆ ಹಚ್ಚಿದ ಗ್ರೀಸು, ಗಾಜುಗಳನ್ನು ಅಂಟಿಸಿದ ಅಂಟು, ಇವು ಅದರ ಆಹಾರ. ಅದರ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ತೇವಾಂಶ ನೂರಕ್ಕೆ 60–70ನ್ನು ದಾಟಿ ಬಹಳ ದಿನ ನಿಂತರೆ, ಕತ್ತಲೆಯಲ್ಲಿ, ಗಾಳಿಯಾಡದ ಕಡೆ ಅವು ಮೊಳೆಯುತ್ತವೆ. ಎಳೆಎಳೆಯಾಗಿ ಹರಡುತ್ತವೆ. ಬೆಳೆಯುತ್ತ ಅವು ಸ್ರವಿಸುವ ಆಮ್ಲ ಮಸೂರದ ಲೇಪನವನ್ನು, ಕೊನೆಗೆ ಗಾಜನ್ನೂ ಕೊರೆಯುತ್ತದೆ. ಮೊದಲ ಹಂತದಲ್ಲಿ ಬಿಚ್ಚಿ ಒರೆಸಿದರೆ ಹೋಗುತ್ತದೆ. ಕೊರೆದ ಮೇಲೆ ಶಿಲೀಂಧ್ರ ಹೋದರೂ ಅದರ ಗುರುತು ಹೋಗುವುದಿಲ್ಲ.

ಲೇಪನದ ವಿಷಯ ಬಂದದ್ದರಿಂದ ಅದರ ಕಥೆಯನ್ನೂ ಹೇಳಿಬಿಡುತ್ತೇನೆ. ಬರಿಯ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಜೈಸ್ ಸಂಸ್ಥೆಯ ಪ್ರಸಿದ್ಧ ಟೆಸ್ಸರ್ ಮಸೂರ (1902) ಮೂರು ಗುಂಪುಗಳಲ್ಲಿ ನಾಲ್ಕು ಗಾಜುಗಳನ್ನು ಹೊಂದಿದೆ; ಅಂದರೆ ಗಾಳಿಗೆ ತೆರೆದ ಮೇಲ್ಮೈಗಳು 6. ಲೆಕ್ಕ ಹಾಕಿದರೆ ನೂರರಲ್ಲಿ 78 ಪಾಲು ಬೆಳಕು ಮಾತ್ರ ದಾಟುತ್ತದೆ. ಇಂದಿನ ಕೆಲವು ಜೂಮ್ ಲೆನ್ಸುಗಳಲ್ಲಿ 30ರಷ್ಟು ಮೇಲ್ಮೈಗಳಿರುವುದುಂಟು. ಲೇಪನವಿಲ್ಲದಿದ್ದರೆ ಅಲ್ಲಿ ಉಳಿಯುವುದು 29 ಪಾಲು! ಚಿಮ್ಮಿದ ಬೆಳಕು ಸುಮ್ಮನಿರದೆ ಒಳಗೊಳಗೇ ಓಡಾಡಿ ಚಿತ್ರವನ್ನು ಮಸುಕುಗೊಳಿಸುತ್ತದೆ.

1892ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಎಂಬ ಮಸೂರ ತಜ್ಞ ವಿಚಿತ್ರವೊಂದನ್ನು ಗಮನಿಸಿದನು. ಕಾಲದ ಹೊಡೆತಕ್ಕೆ ಸಿಕ್ಕಿ ಬಣ್ಣಗೆಟ್ಟ ಹಳೆಯ ಮಸೂರವೊಂದು ಹೊಸದಕ್ಕಿಂತ ಹೆಚ್ಚು ಬೆಳಕನ್ನು ಬಿಡುತ್ತಿತ್ತು. ಮೇಲ್ಮೈಯಲ್ಲಿ ತಾನಾಗಿ ಮೂಡಿದ್ದ ತೆಳುಪದರ ಪ್ರತಿಫಲನವನ್ನು ತಗ್ಗಿಸುತ್ತಿತ್ತು. ಆ ಸುಳಿವು ಬಳಕೆಗೆ ಬರುವಂತಾಗಲು ನಾಲ್ಕು ದಶಕಗಳೇ ಬೇಕಾದವು. 1935ರಲ್ಲಿ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ನಿರ್ವಾತದಲ್ಲಿ ಲೇಪನ ಮಾಡುವ ವಿಧಾನ ಕಂಡುಹಿಡಿದನು. ಮಸೂರವನ್ನು ಓರೆಯಾಗಿ ಹಿಡಿದಾಗ ಕಾಣುವ ನೇರಳೆ, ಹಸಿರು ಛಾಯೆಗಳು ಈ ಲೇಪನದವು. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಪಂಚೆಯ ತುದಿಯಿಂದ ಲೆನ್ಸನ್ನು ತಿಕ್ಕಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ನಮ್ಮ ಬಟ್ಟೆಯಲ್ಲಿ ಸಿಕ್ಕಿಕೊಂಡ ಪಣಂಬೂರಿನ ಒಂದು ಮರಳಿನ ಕಣ ಆ ಪದರಕ್ಕಿಂತ ಸಾವಿರಾರು ಪಟ್ಟು ದೊಡ್ಡದು.

ಉಷ್ಣವಲಯದ ತೇವ ಮಸೂರಕ್ಕೆ ಮಾಡುವ ಹಾನಿ ಜಗತ್ತಿನ ಗಮನಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ನ್ಯೂಗಿನಿಯ ಮಳೆಕಾಡುಗಳಲ್ಲಿ ಮಿತ್ರಪಡೆಗಳ ದುರ್ಬೀನುಗಳು ಕೆಲವೇ ವಾರಗಳಲ್ಲಿ ಒಳಗಿನಿಂದ ಬೂಷ್ಟು ಹಿಡಿದು ಕುರುಡಾಗತೊಡಗಿದವು. ಶತ್ರುವನ್ನು ನೋಡಬೇಕಾದ ಕಣ್ಣಿಗೇ ಪೊರೆ ಬಂದರೆ ಸೈನ್ಯದ ಗತಿಯೇನು? ಮೆಲ್ಬರ್ನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳಾದ ಜಾನ್ ಟರ್ನರ್, ಎಥೆಲ್ ಮೆಕ್‌ಲೆನ್ನನ್ ಮತ್ತು ಅವರ ಸಹೋದ್ಯೋಗಿಗಳು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಪಾದರಸದ ಸಂಯುಕ್ತವೊಂದನ್ನು ಉಪಕರಣದೊಳಗೆ ಬಳಸಿ ಶಿಲೀಂಧ್ರವನ್ನು ತಡೆಯುವ ಉಪಾಯವನ್ನು ಕಂಡುಕೊಂಡರು. ಅದು ಯುದ್ಧದ ಉಪಕರಣಗಳಿಗಾಯಿತು. ಮನೆಬಳಕೆಯ ಕ್ಯಾಮರಾಗಳಿಗೆ ಅಂಥ ವಿಷವಸ್ತುವನ್ನು ತುಂಬುವುದು ಸಲ್ಲದು. ನಮ್ಮ ಪಾಲಿಗೆ ಉಳಿದ ಉಪಾಯ ತೇವವನ್ನು ದೂರವಿಡುವುದೊಂದೇ.

ಇನ್ನು ನನ್ನ ಕಾಲಕ್ಕೆ ಬರುತ್ತೇನೆ. ನಾನು ಬಾಲಕನಾಗಿದ್ದಾಗ ಮಧ್ಯಮವರ್ಗದ ಮನೆಗಳಲ್ಲಿ ಕಾಣುತ್ತಿದ್ದುದು ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. 120 ಅಳತೆಯ ಫಿಲ್ಮಿನ ಒಂದು ಸುರುಳಿಗೆ 12 ಚಿತ್ರಗಳು. ಫೋಕಸ್ ಮಾಡುವ ಗೊಡವೆಯಿಲ್ಲದ ಸರಳ ಮಸೂರ. ಬಿಸಿಲು ಬೆನ್ನಿಗಿರಬೇಕು, ನಿಲ್ಲುವವರು ಅಲುಗಬಾರದು, ಅಷ್ಟೇ ಶಾಸ್ತ್ರ. 1980ರ ದಶಕದಲ್ಲಿ ನಾನು ಅಧ್ಯಾಪಕನಾಗಿ ಸೇರಿದಾಗ ಮದುವೆಮನೆಗಳಲ್ಲಿ ಯಾಶಿಕಾ ಮ್ಯಾಟ್ 124 ಜಿ ಮೆರೆಯುತ್ತಿತ್ತು. ಅದಕ್ಕೆ ಎರಡು ಕಣ್ಣು. ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ಕೆಳಗಿನ ಮಸೂರ ಟೆಸ್ಸರ್ ಮಾದರಿಯ ನಾಲ್ಕು ಗಾಜುಗಳದು, 80 ಮಿಲಿಮೀಟರ್, ಎಫ್ 3.5.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಪ್ರವಾಸದ ಉಪಯೋಗಕ್ಕೆಂದು ಇಂಥದ್ದೊಂದು ಕ್ಯಾಮರಾ ಇತ್ತು. ಬೆಲೆಬಾಳುವ ವಸ್ತುವಾದ್ದರಿಂದ ಅದರ ತೊಗಲಿನ ಚೀಲದಲ್ಲಿ ಹಾಕಿ, ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕುವುದು ರೂಢಿ. ಒಂದು ವರ್ಷ ಡಿಸೆಂಬರಿನಲ್ಲಿ ಹಳೇಬೀಡು ಪ್ರವಾಸಕ್ಕೆಂದು ಹೊರತೆಗೆದಾಗ ಮೇಲಿನ ಮಸೂರದಲ್ಲಿ ಬಿಳಿಯ ಎಳೆಗಳು ಕಂಡವು. ಕ್ಯಾಮರಾ ಕೆಟ್ಟಿತು ಎಂದೇ ಎಲ್ಲರೂ ಭಾವಿಸಿದರು. ನಾನು ಅದನ್ನು ಪರಿಚಯದ ಸ್ಟುಡಿಯೋದ ಯಜಮಾನರಲ್ಲಿಗೆ ಒಯ್ದೆ. ಅವರು ಕೆಳಗಿನ ಮಸೂರವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ನೋಡುವ ಕಣ್ಣಿಗೆ ಪೊರೆ ಬಂದದ್ದು ಮಾಸ್ಟ್ರೇ, ಚಿತ್ರ ತೆಗೆಯುವ ಕಣ್ಣು ಸರಿ ಉಂಟು. ಧೈರ್ಯದಲ್ಲಿ ಹೋಗಿ ಬನ್ನಿ. ಆದರೆ ಇನ್ನು ಮುಂದೆ ಕಪಾಟಲ್ಲಿಟ್ಟು ಬೀಗ ಹಾಕಬೇಡಿ. ಬೀಗ ಹಾಕಿದರೆ ಕಳ್ಳ ಬರ್ಲಿಕ್ಕಿಲ್ಲ, ಫಂಗಸ್ ಬರ್ತದೆ" ಎಂದರು.

ತಮ್ಮ ಕ್ಯಾಮರಾಗಳನ್ನು ಅವರು ಇಡುತ್ತಿದ್ದ ಕ್ರಮವನ್ನು ಆ ದಿನವೇ ತೋರಿಸಿದರು. ಗಾಜಿನ ಬಾಗಿಲಿನ ಮರದ ಪೆಟ್ಟಿಗೆ. ಅದರ ತಳದಲ್ಲಿ ಮಳೆಗಾಲವಿಡೀ ಹಗಲೂ ರಾತ್ರಿ ಉರಿಯುವ ಝೀರೋ ಬಲ್ಬು. ಕ್ಯಾಮರಾಗಳೆಲ್ಲ ಚೀಲದಿಂದ ಹೊರಗೆ. ತೊಗಲಿನ ಚೀಲ ತೇವವನ್ನು ಹೀರಿ ಹಿಡಿದಿಡುತ್ತದೆ, ಬೂಷ್ಟಿಗೆ ತಾನೇ ಆಹಾರವೂ ಆಗುತ್ತದೆ ಎಂದು ಅವರು ಅನುಭವದಿಂದ ತಿಳಿದಿದ್ದರು. ಬಲ್ಬಿನ ಉಪಾಯ ಕೇವಲ ನಂಬಿಕೆಯಲ್ಲ, ಶುದ್ಧ ಭೌತವಿಜ್ಞಾನ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹೊರಗೆ 26 ಡಿಗ್ರಿ ಉಷ್ಣತೆ, ನೂರಕ್ಕೆ 90 ತೇವಾಂಶವಿದ್ದಾಗ ಪೆಟ್ಟಿಗೆಯೊಳಗಿನ ಗಾಳಿಯನ್ನು 32 ಡಿಗ್ರಿಗೆ ಏರಿಸಿದರೆ ಸಾಪೇಕ್ಷ ತೇವಾಂಶ ಸುಮಾರು 64ಕ್ಕೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದ ತತ್ತ್ವವೂ ಇದೇ ತಾನೆ? ಅಜ್ಜಿ ಕಾಳುಮೆಣಸಿಗೆ ಮಾಡಿದ್ದನ್ನು ಸ್ಟುಡಿಯೋದವರು ಯಾಶಿಕಾಗೆ ಮಾಡಿದರು.

ಇಷ್ಟೆಲ್ಲ ಜೋಪಾನ ಏಕೆ, ಒಂದು ಲೆನ್ಸು ಹೋದರೆ ಇನ್ನೊಂದು ತಂದರಾಯಿತು ಎನ್ನುವವರಿಗೆ ನಾನು ಒಂದು ಮನೆಯ ವಿಷಯ ಹೇಳುತ್ತೇನೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ನಿರ್ಮಾಣವಾಗುವಾಗ ಅಲ್ಲಿಯ ಕುಟುಂಬಗಳು ತಮ್ಮ ಮನೆ, ಗದ್ದೆ, ತೆಂಗಿನ ತೋಟಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಬಂದು ನೆಲೆಸಬೇಕಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲೊಂದೆಂದು ಘೋಷಿತವಾಯಿತು. ಹಾಗೆ ಬಂದ ಕುಟುಂಬವೊಂದರ ಹುಡುಗ ನನ್ನ ವಿದ್ಯಾರ್ಥಿ. ಅವರ ಹಳೆಯ ಮನೆಯ ಒಂದೇ ಒಂದು ಚಿತ್ರ ಉಳಿದಿತ್ತು. ಮುಂಬಯಿಯಿಂದ ಬಂದಿದ್ದ ಬಂಧುವೊಬ್ಬರು ಸಾಮಾನ್ಯ ಕ್ಯಾಮರಾದಲ್ಲಿ ತೆಗೆದದ್ದು. ಅಂಗೈಯಗಲದ ಕಪ್ಪುಬಿಳುಪು ಪ್ರತಿ. ಜಗಲಿಯ ಮೆಟ್ಟಿಲಲ್ಲಿ ಹುಡುಗನ ಅಜ್ಜಿ ನಿಂತಿದ್ದಾರೆ. ಹಿಂದೆ ಮುಳಿಹುಲ್ಲಿನ ಮಾಡು, ಪಕ್ಕದಲ್ಲಿ ತುಳಸಿಕಟ್ಟೆ.

ಅಜ್ಜಿ ತೀರಿಕೊಂಡ ಮೇಲೆ ಆ ಚಿತ್ರವನ್ನು ದೊಡ್ಡದು ಮಾಡಿಸಬೇಕೆಂದು ಅವರು ನೆಗೆಟಿವನ್ನು ಹುಡುಕಿದರು. ತಗಡಿನ ಪೆಟ್ಟಿಗೆಯಲ್ಲಿ ಕಾಗದಪತ್ರಗಳ ನಡುವೆ ಅದು ಸಿಕ್ಕಿತು. ಆದರೆ ಫಿಲ್ಮಿನ ಮೇಲಿನ ಪದರ ಜೆಲಾಟಿನಿನದು. ಮಸೂರದ ಮೇಲಿನ ಜಿಡ್ಡಿಗಿಂತ ಬೂಷ್ಟಿಗೆ ರುಚಿಯಾದ ಆಹಾರ. ಮನೆ ಉಳಿದಿತ್ತು, ತುಳಸಿಕಟ್ಟೆ ಉಳಿದಿತ್ತು. ಅಜ್ಜಿಯ ಮುಖವಿದ್ದ ಜಾಗದಲ್ಲಿ ಜರಿಗಿಡದ ಎಲೆಯಂಥ ಬಿಳಿಯ ಚಿತ್ತಾರವಿತ್ತು. ಯಾರನ್ನೂ ದೂರುವಂತಿರಲಿಲ್ಲ. ಮಳೆ ಬಂದಿತ್ತು, ಪೆಟ್ಟಿಗೆ ಮುಚ್ಚಿತ್ತು, ಅಷ್ಟೆ. ಕೊನೆಗೆ ಆ ಅಂಗೈಯಗಲದ ಪ್ರತಿಯನ್ನೇ ಸ್ಟುಡಿಯೋದಲ್ಲಿ ಮರುಚಿತ್ರ ಮಾಡಿಸಿದರು. ಮುಖ ಸ್ವಲ್ಪ ಮಸುಕಾಗಿದೆ. ಆದರೂ ಅಜ್ಜಿಯೆಂದು ಗುರುತು ಸಿಗುತ್ತದೆ. ಲೆನ್ಸನ್ನು ಮತ್ತೆ ಕೊಳ್ಳಬಹುದು. ಆ ಜಗಲಿಯ ಮುಂದೆ ಮತ್ತೆ ನಿಲ್ಲುವುದು ಯಾರಿಂದಲೂ ಸಾಧ್ಯವಿಲ್ಲ.

ಈಗ ಮೊದಲ ಪ್ರಶ್ನೆ, ಯಾವ ಲೆನ್ಸ್ ಕೊಳ್ಳಬೇಕು? ನೀವು ಯಾವುದರ ಚಿತ್ರ ತೆಗೆಯಲು ಹೊರಟಿದ್ದೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ ಎಂಬುದೇ ನನ್ನ ಉತ್ತರ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಅಲೆದ ಪೂರ್ಣಚಂದ್ರ ತೇಜಸ್ವಿಯವರಿಗೆ, ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದ ಸಂಡೂರಿನ ಎಂ. ವೈ. ಘೋರ್ಪಡೆಯವರಿಗೆ ದೂರವನ್ನು ಹತ್ತಿರ ತರುವ ಟೆಲಿ ಮಸೂರ ಅನಿವಾರ್ಯವಾಗಿತ್ತು. ನಮ್ಮ ಊರಿನ ಹುಡುಗರಿಗೆ ಹೆಚ್ಚಾಗಿ ಬೇಕಾಗುವುದು ಯಕ್ಷಗಾನ, ಕೋಲ, ನೇಮ, ಮದುವೆ. ಇವೆಲ್ಲ ರಾತ್ರಿಯ ಅಥವಾ ಒಳಾಂಗಣದ ಕೆಲಸಗಳು. ಇಲ್ಲಿ ದೂರ ಸಮಸ್ಯೆಯಲ್ಲ, ಬೆಳಕು ಸಮಸ್ಯೆ.

ಯಕ್ಷಗಾನದ ರಂಗಸ್ಥಳ ದೀವಟಿಗೆಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುದ್ದೀಪಕ್ಕೆ ಬಂದರೂ ಹಗಲಿನಷ್ಟು ಬೆಳಕು ಎಂದೂ ಆಗಲಿಲ್ಲ. ಪುಂಡುವೇಷ ಧೀಂಗಿಣ ಹೊಡೆಯುವಾಗ ಅದನ್ನು ನಿಲ್ಲಿಸಿ ತೋರಿಸಬೇಕಾದರೆ ಸೆಕೆಂಡಿನ 250ರಲ್ಲೊಂದು ಪಾಲಿನಷ್ಟಾದರೂ ವೇಗ ಬೇಕು. ಫ್ಲಾಶ್ ಹಾಕಿದರೆ ಬಣ್ಣದ ವೇಷದ ಮುಖದ ಮೇಲಿನ ನೆರಳುಗಳೆಲ್ಲ ಮಾಯವಾಗುತ್ತವೆ, ಕಲಾವಿದನ ಕಣ್ಣಿಗೂ ಹಿಂಸೆ. ಭೂತಾರಾಧನೆಯ ಸಂದರ್ಭದಲ್ಲಂತೂ ಫ್ಲಾಶ್ ಹಾಕುವುದು ಅನುಚಿತವೇ ಸರಿ.

ಕ್ಯಾಮರಾದ ಜತೆಗೆ ಬರುವ 18–55 ಜೂಮ್ ಲೆನ್ಸು 55ರ ತುದಿಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿಲಿಮೀಟರಿನ ಎಫ್ 1.8 ಲೆನ್ಸು ಹಲವು ಕಂಪನಿಗಳವರ ಅಗ್ಗದ ಲೆನ್ಸುಗಳ ಸಾಲಿನಲ್ಲಿಯೇ ಸಿಗುತ್ತದೆ. ಎಫ್ ಸಂಖ್ಯೆಗಳ ಅನುಪಾತವನ್ನು ವರ್ಗ ಮಾಡಿದರೆ ಬೆಳಕಿನ ಅನುಪಾತ ಸಿಗುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 9.7. ಹತ್ತು ಪಟ್ಟು ಬೆಳಕು! ಪೆಟ್ಸ್‌ವಾಲ್ 1840ರಲ್ಲಿ ಮಾಡಿದ ಕೆಲಸವನ್ನು ಈ ಪುಟ್ಟ ಲೆನ್ಸು ನಮ್ಮ ಆಟದ ಬಯಲಿನಲ್ಲಿ ಮಾಡಿಕೊಡುತ್ತದೆ. ಇದರಲ್ಲಿ ಗಾಜುಗಳ ಸಂಖ್ಯೆಯೂ ಕಡಿಮೆ, ಕೊಳವೆ ಹೆಚ್ಚು ಹಿಗ್ಗಿ ಕುಗ್ಗುವುದಿಲ್ಲ. ಜೂಮ್ ಲೆನ್ಸನ್ನು ಹಿಗ್ಗಿಸಿದಾಗಲೆಲ್ಲ ಅದು ಹೊರಗಿನ ಒದ್ದೆ ಗಾಳಿಯನ್ನು ತಿದಿಯಂತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಕರಾವಳಿಯಲ್ಲಿ ಮೊದಲ ಲೆನ್ಸು ಸರಳವಾದದ್ದಾಗಿರಲಿ. ಇದು ನನ್ನ ಸಲಹೆ.

ಬಳಸಿದ ಲೆನ್ಸನ್ನು ಕೊಳ್ಳುವವರು ಎರಡೂ ಬದಿಯ ಮುಚ್ಚಳ ತೆಗೆದು, ದ್ಯುತಿರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಿಡಿದು ಓರೆಯಾಗಿ ನೋಡಬೇಕು. ನಾಲ್ಕಾರು ಧೂಳಿನ ಕಣಗಳು ಕಂಡರೆ ಚಿಂತೆಯಿಲ್ಲ. ಕವಲೊಡೆದ ಎಳೆಗಳು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ದ್ಯುತಿರಂಧ್ರದ ಅಲಗುಗಳ ಮೇಲೆ ಎಣ್ಣೆ ಮಿನುಗುತ್ತಿದ್ದರೂ ಬೇಡ.

ಉಪಸಾಧನಗಳಲ್ಲಿ ಮೊದಲು ಕೊಳ್ಳಬೇಕಾದದ್ದು ತೇವ ತಡೆಯುವ ಸಾಧನ. ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಈಗ ಸಿಗುತ್ತದೆ. ಅದು ಬೇಡವೆಂದರೆ ರಬ್ಬರ್ ಪಟ್ಟಿಯ ಬಿಗಿ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ಚಿಕ್ಕದೊಂದು ತೇವಾಂಶ ಮಾಪಕ ಸಾಕು. ಮಾಪಕ 40ರಿಂದ 50ರ ನಡುವೆ ನಿಂತಿರಲಿ. ತೀರ ಒಣಗಿಸಿದರೆ ರಬ್ಬರಿಗೂ ಗ್ರೀಸಿಗೂ ಒಳ್ಳೆಯದಲ್ಲ. ನೀಲಿ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಯಾದಾಗ ಸುಮಾರು 110–120 ಡಿಗ್ರಿಯ ಓವನಿನಲ್ಲಿ ಒಂದೆರಡು ಗಂಟೆ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿಬಣ್ಣ ಕೋಬಾಲ್ಟ್ ಲವಣದ್ದು. ಅಡುಗೆಗೆ ಬಳಸುವ ಪಾತ್ರೆಯನ್ನಾಗಲಿ ಓವನನ್ನಾಗಲಿ ಅದಕ್ಕೆ ಉಪಯೋಗಿಸಬಾರದು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವವರಿದ್ದಾರೆ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ, ಬೇಡ. ಕರ್ಪೂರ, ನುಸಿಗುಳಿಗೆಗಳನ್ನೂ ಹತ್ತಿರ ಇಡಬಾರದೆಂದು ಕ್ಯಾಮರಾ ತಯಾರಕರೇ ಎಚ್ಚರಿಸುತ್ತಾರೆ.

ಒರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಬಳಿಕ ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆದು, ಜಿಡ್ಡು ಉಳಿದಿದ್ದರೆ ಮಾತ್ರ ಲೆನ್ಸ್ ಒರೆಸುವ ದ್ರವವನ್ನು ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿನತ್ತ ಸುತ್ತುತ್ತ ಒರೆಸಬೇಕು. ಲೆನ್ಸಿನ ಮೇಲೆ ನೇರವಾಗಿ ದ್ರವ ಸುರಿಯಬಾರದು. ಕಡಲತೀರದಿಂದ ಬಂದ ದಿನವೇ ಉಪ್ಪಿನ ಅಂಶವನ್ನು ತೆಗೆಯಬೇಕು. ಎ.ಸಿ. ಕಾರಿನಿಂದ ಇಳಿದ ಕೂಡಲೇ ಕ್ಯಾಮರಾ ತೆರೆದರೆ ತಣ್ಣನೆಯ ಗಾಜಿನ ಮೇಲೆ ಮಂಜು ಕೂರುತ್ತದೆ. ಹೊರಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಚೀಲದಲ್ಲೇ ಇರಲಿ. ಮುಂಭಾಗಕ್ಕೆ ಹಾಕುವ ರಕ್ಷಕ ಫಿಲ್ಟರ್ ಪಣಂಬೂರಿನಲ್ಲಿ ಉಪಕಾರಿ. ರಾತ್ರಿಯ ನೇಮದಲ್ಲಿ ದೀವಟಿಗೆಯ ಎದುರು ಅದನ್ನು ಕಳಚಿಡಿ. ಅದರ ಎರಡು ಮೇಲ್ಮೈಗಳು ಇಲ್ಲದ ಜ್ವಾಲೆಗಳನ್ನು ಚಿತ್ರದಲ್ಲಿ ಸೃಷ್ಟಿಸುತ್ತವೆ. ಲೆನ್ಸಿನ ಹುಡ್ ಮಾತ್ರ ಬಿಸಿಲಿಗೂ ಹನಿಮಳೆಗೂ ಯಾವಾಗಲೂ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಲೆನ್ಸನ್ನು ಬಳಸುತ್ತಿರಿ. ಗಾಳಿ ಬೆಳಕು ಕಂಡು, ಆಗಾಗ ಕೈಯಲ್ಲಿ ಓಡಾಡುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಡಿಮೆ.

ನಮ್ಮ ತುಳುನಾಡಿನಲ್ಲಿ ಪತ್ತನಾಜೆ ಎಂಬ ದಿನವಿದೆ, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವಂಥದ್ದು. ಅಂದು ತಿರುಗಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿಯುವ ಮೊದಲು ವೇಷಭೂಷಣಗಳು ಜೋಪಾನವಾಗಿ ಪೆಟ್ಟಿಗೆ ಸೇರಬೇಕು. ಕ್ಯಾಮರಾ ಇಟ್ಟುಕೊಂಡವರೂ ಇದೇ ದಿನವನ್ನು ನೆನಪಿಟ್ಟುಕೊಳ್ಳಬಹುದು. ಲೆನ್ಸುಗಳನ್ನು ಶುಚಿಮಾಡಿ, ತೊಗಲಿನ ಚೀಲದಿಂದ ಹೊರತೆಗೆದು, ಸಿಲಿಕಾ ಜೆಲ್ ಬಿಸಿಮಾಡಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ. ಅದೇ ದಿನ ಇನ್ನೊಂದು ಕೆಲಸವನ್ನೂ ಮಾಡಿ: ಮನೆಯ ಹಳೆಯ ತಗಡಿನ ಪೆಟ್ಟಿಗೆಯನ್ನು ತೆರೆದು ನೆಗೆಟಿವ್‌ಗಳು, ಚಿತ್ರಗಳು ಇವೆಯೇ ನೋಡಿ. ಇದ್ದರೆ ಸ್ಕ್ಯಾನ್ ಮಾಡಿಸಿ, ಎರಡು ಕಡೆ ಪ್ರತಿ ಇಡಿ. ಹಿರಿಯರು ಇದ್ದರೆ ಚಿತ್ರದಲ್ಲಿರುವವರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಬಾಸೆಲ್ಲಿನವರು ನಮ್ಮ ಊರಿನ ಚಿತ್ರಗಳನ್ನು ಕಾಪಾಡಿದ್ದಾರೆ, ಅವರಿಗೆ ಕೃತಜ್ಞರಾಗಿರೋಣ. ನಮ್ಮ ಅಜ್ಜಿಯರ ಚಿತ್ರಗಳನ್ನು ನಾವೇ ಕಾಪಾಡಿಕೊಳ್ಳಬೇಕು.